ಮೇಷ್ಟ್ರು ಸಹಿ ಹಾಕುವ ಮೊದಲು

ದಾವಣಗೆರೆಯ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹಗಲೆಲ್ಲ ಅಫಿಡವಿಟ್ಟು, ಬಾಡಿಗೆ ಕರಾರು, ಲೀಗಲ್ ನೋಟಿಸು ಟೈಪ್ ಮಾಡುವುದೇ ಕೆಲಸ. ಸಂಜೆ ಜನ ಕಡಿಮೆಯಾದ ಮೇಲೆ ಅದೇ ಕಂಪ್ಯೂಟರಿನ ಮುಂದೆ ಕೂತು ಒಂದು ರಾಜಕೀಯ ಥ್ರಿಲ್ಲರ್ ಬರೆದೆ. ಯಾರೂ ಎಣಿಸಿರದ ಒಬ್ಬರು ರಾಷ್ಟ್ರಪತಿ ಕುರ್ಚಿಗೆ ಬರುತ್ತಾರೆ. ಬಂದ ಕೆಲವೇ ದಿನಕ್ಕೆ ಇಡೀ ದೇಶಕ್ಕೆ ಕರೆಂಟ್ ಹೋಗುತ್ತದೆ. ಅದೇ ಕತ್ತಲಲ್ಲಿ ಅವರ ಮೇಜಿನ ಮೇಲೆ ತುರ್ತು ಪರಿಸ್ಥಿತಿಯ ಕಾಗದ ಬರುತ್ತದೆ. ಕಥೆ ಇಷ್ಟೇ. ಆದರೆ ಇದನ್ನು ಬರೆಯುತ್ತಾ ನಮ್ಮ ಸಂವಿಧಾನದ ಬಗ್ಗೆ, ನಮ್ಮದೇ ಜಿಲ್ಲೆಯ ಸುತ್ತಮುತ್ತಲಿನ ಇತಿಹಾಸದ ಬಗ್ಗೆ ತಿಳಿದದ್ದು ಬಹಳ. ಅದನ್ನು ಹೇಳೋಣ ಅನ್ನಿಸಿತು.

ಮೊದಲ ತೊಡಕು ನಮ್ಮ ರಾಷ್ಟ್ರಪತಿಯದ್ದೇ. ಸಿನಿಮಾದಲ್ಲಿ ಬರುವ ಅಮೆರಿಕದ ಅಧ್ಯಕ್ಷರು ಫೋನ್ ಎತ್ತಿ ಸೈನ್ಯ ಕಳಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. 53ನೇ ವಿಧಿಯಲ್ಲಿ ಸೇನೆಯ ಪರಮಾಧಿಕಾರ ರಾಷ್ಟ್ರಪತಿಯದು ಅಂತ ಇದೆ ನಿಜ, ಆದರೆ 74ನೇ ವಿಧಿಗೆ ಬಂದರೆ ಅವರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು. ನನ್ನ ಅಂಗಡಿಗೆ ಬರುವ ಹಿರಿಯ ವಕೀಲರೊಬ್ಬರ ಹತ್ತಿರ ಕಥೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು: 'ನಿನ್ನ ಹೀರೋನ ಕೈ ಕಟ್ಟಿಟ್ಟಾರಲ್ಲವ್ವಾ, ಏನ್ ಬರೀತಿ?'

ಅದೇ ವಕೀಲರು ಮರುದಿನ ಬಂದು 74ನೇ ವಿಧಿಯ ಸಾಲುಗಳನ್ನು ತೋರಿಸಿದರು. 1976ರ 42ನೇ ತಿದ್ದುಪಡಿ ಸಲಹೆಯನ್ನು ಪಾಲಿಸಲೇಬೇಕು ಅಂತ ಕಟ್ಟಿಹಾಕಿತು. 1978ರ 44ನೇ ತಿದ್ದುಪಡಿ ಒಂದು ಸಣ್ಣ ಕಿಂಡಿ ತೆಗೆಯಿತು. ರಾಷ್ಟ್ರಪತಿ ಒಂದು ಸಲ, ಒಂದೇ ಸಲ, 'ಇನ್ನೊಮ್ಮೆ ಯೋಚಿಸಿ' ಅಂತ ವಾಪಸ್ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಅದರಂತೆ ನಡೆಯಬೇಕು. ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದಲ್ಲಿ, 1998ರಲ್ಲಿ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಹೀಗೆ ವಾಪಸ್ ಕಳಿಸಿದ್ದರು. ಆ ಸಲಹೆ ಕೊಟ್ಟ ಕೇಂದ್ರ ಸರ್ಕಾರಗಳು ಎರಡೂ ಬೇರೆ ಬೇರೆ ಪಕ್ಷದವರವು.

ಆ ಒಂದು ಸಲ ಅನ್ನುವುದೇ ನನ್ನ ಕಾದಂಬರಿ ಅಂತ ಅವತ್ತೇ ಗೊತ್ತಾಯಿತು. ಬಾಂಬ್ ಬೇಡ, ಚೇಸ್ ಬೇಡ. ಒಬ್ಬ ಮನುಷ್ಯನ ಕೈಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವ ಅವಕಾಶ ಇದೆ. ಅದನ್ನು ಯಾವಾಗ ಕೇಳಬೇಕು, ಏನಂತ ಕೇಳಬೇಕು?

ನಾಯಕನನ್ನು ಜಗಳೂರು ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಮಾಡಿದೆ. ಕಾದಂಬರಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಾರೆ, ದೆಹಲಿಯ ಅಧಿಕಾರಿಗಳೂ ಕೊನೆಕೊನೆಗೆ ಹಾಗೇ ಕರೆಯುತ್ತಾರೆ. ಯಾರಿಗೂ ತೊಂದರೆ ಕೊಡದ ಮನುಷ್ಯ ಅಂತ ಎರಡು ಬಣಗಳೂ ಒಪ್ಪಿ ಉಪರಾಷ್ಟ್ರಪತಿ ಮಾಡಿರುತ್ತವೆ. ರಾಜ್ಯಸಭೆ ನಡೆಸಿಕೊಂಡು ಇದ್ದುಬಿಡಲಿ ಅಂತ. ಅಷ್ಟರಲ್ಲಿ ರಾಷ್ಟ್ರಪತಿ ತೀರಿಕೊಳ್ಳುತ್ತಾರೆ. 65ನೇ ವಿಧಿ ಪ್ರಕಾರ ಮೇಷ್ಟ್ರು ಹಂಗಾಮಿ ರಾಷ್ಟ್ರಪತಿ. ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಅಲ್ಲಿಯವರೆಗೆ ಎಲ್ಲ ಸಹಿಯೂ ಅವರದೇ.

ಇದು ಕಲ್ಪನೆ ಅಂತ ಅಂದುಕೊಳ್ಳುವವರಿಗೆ ಬಿ.ಡಿ. ಜತ್ತಿಯವರ 1977ನ್ನು ನೆನಪಿಸಬೇಕು. ನಮ್ಮ ಕರ್ನಾಟಕದವರೇ, ಜಮಖಂಡಿ ತಾಲೂಕಿನ ಸಾವಳಗಿಯವರು. ಜಮಖಂಡಿ ಪುರಸಭೆಯಿಂದ ಶುರು ಮಾಡಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಆಮೇಲೆ ಉಪರಾಷ್ಟ್ರಪತಿಯಾದವರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಚುನಾವಣೆ ಎದುರಿಗಿತ್ತು. ಅಂಥ ಹೊತ್ತಲ್ಲಿ ಜತ್ತಿಯವರು ಆ ಕುರ್ಚಿಗೆ ಬಂದರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದ ಘೋಷಣೆಯ ಮೇಲಿದ್ದದ್ದು ಅವರ ಸಹಿ. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಮಾಣವಚನ ತೆಗೆದುಕೊಂಡದ್ದೂ ಅವರ ಎದುರಿಗೇ. ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯಲ್ಲಿ ಮೊದಲ ಸಲ ಕಾಂಗ್ರೆಸ್ ಅಲ್ಲದ ಸರ್ಕಾರ ಬಂದಾಗ ಅಧಿಕಾರ ಈ ಕೈಯಿಂದ ಆ ಕೈಗೆ ದಾಟಿದ್ದು ಒಬ್ಬ ಕನ್ನಡಿಗ ಹಂಗಾಮಿ ರಾಷ್ಟ್ರಪತಿಯ ಮುಂದೆ. ನಮ್ಮ ಮಕ್ಕಳಿಗೆ ಇದು ತಿಳಿದಿರಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ನನಗೆ ಅದಕ್ಕಿಂತ ಜಾಸ್ತಿ ಹಿಡಿದದ್ದು ಏಪ್ರಿಲ್ ಕೊನೆಯ ದಿನಗಳು. ಹೊಸ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಸಲಹೆ ಕೊಟ್ಟಿತು. ಸುಪ್ರೀಂ ಕೋರ್ಟ್ ಏಪ್ರಿಲ್ 29ರಂದು ರಾಜ್ಯಗಳ ತಕರಾರನ್ನು ತಳ್ಳಿಹಾಕಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ದೊಡ್ಡ ಗದ್ದಲವೇ ಆಯಿತು. ಏಪ್ರಿಲ್ 30ರಂದು ಸಹಿ ಬಿತ್ತು. ಅವರು ತಡ ಮಾಡಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ನನಗೆ ಬೇಕಿದ್ದದ್ದು ಆ ನಡುವಿನ ಹೊತ್ತು. ಒಬ್ಬ ಮನುಷ್ಯ ಪೆನ್ ಹಿಡಿದು ಕೂತಿದ್ದಾನೆ, ಇಡೀ ದೇಶ ಆ ಪೆನ್ ನೋಡುತ್ತಾ ಇದೆ. ಮೇಷ್ಟ್ರ ಪಾತ್ರಕ್ಕೆ ಜೀವ ಬಂದದ್ದು ಆ ಹೊತ್ತಿನಿಂದ.

ಹಿಂದೆ ಹೋದರೆ 1969 ಇನ್ನೂ ವಿಚಿತ್ರ. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಜುಲೈ 19ಕ್ಕೆ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಡಿಸಿ, ಮರುದಿನವೇ ತಾವೇ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಉಪರಾಷ್ಟ್ರಪತಿ ರಾಜೀನಾಮೆ ಕೊಡಬೇಕಾದ್ದು ರಾಷ್ಟ್ರಪತಿಗೆ, ಆ ಕುರ್ಚಿಯಲ್ಲಿ ಕೂತಿದ್ದವರೂ ಅವರೇ! ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಅಂದರೆ ಯಾರು? ಅದಕ್ಕೆಂದೇ ಸಂಸತ್ತು ಅದೇ ವರ್ಷ ಒಂದು ಕಾಯ್ದೆ ಮಾಡಿತ್ತು. ಅದರಂತೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಆಗಸ್ಟ್ 24ರವರೆಗೆ ರಾಷ್ಟ್ರಪತಿ ಕೆಲಸ ಮಾಡಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದದ್ದೂ ಆ ದಿನಗಳಲ್ಲೇ.

ಆ ಚುನಾವಣೆಯ ಇನ್ನೊಂದು ತುದಿ ಚಿತ್ರದುರ್ಗದಲ್ಲಿದೆ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ದುರ್ಗದಲ್ಲಿ ವಕೀಲಿಕೆ ಮಾಡಿ ಬೆಳೆದ ಎಸ್. ನಿಜಲಿಂಗಪ್ಪನವರು. ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಅಂದರು, ಅಂದರೆ ಪಕ್ಷ ಹೇಳಿದವರಿಗೇ ಹಾಕಬೇಕಿಲ್ಲ, ಮನಸ್ಸು ಒಪ್ಪಿದವರಿಗೆ ಹಾಕಿ ಅಂತ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರದೆ, ಎರಡನೇ ಪ್ರಾಶಸ್ತ್ಯ ಎಣಿಸಿ ಗಿರಿ 4,20,077, ರೆಡ್ಡಿ 4,05,427. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾಂಗ್ರೆಸ್ ಇಂದಿರಾ ಅವರನ್ನೇ ಪಕ್ಷದಿಂದ ಹೊರಹಾಕಿತು. ಪಕ್ಷ ಎರಡಾಯಿತು. ಸೋತ ರೆಡ್ಡಿಯವರು 1977ರ ಜುಲೈನಲ್ಲಿ ರಾಷ್ಟ್ರಪತಿಯಾಗಿ ಬಂದಾಗ ಕುರ್ಚಿ ಬಿಟ್ಟುಕೊಟ್ಟವರು ಜತ್ತಿ.

ಚಿತ್ರದುರ್ಗದ ಹತ್ತಿರ ಹೆದ್ದಾರಿ ಪಕ್ಕ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕ ಇದೆ. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ನೋಡಿಕೊಂಡೇ ಹೋಗಿದ್ದೆ. ಈ ಬರವಣಿಗೆ ಶುರುವಾದ ಮೇಲೆ ಅದಕ್ಕೆಂದೇ ಇಳಿದು ಹೋದೆ. ದೇಶದ ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿದ ಮನುಷ್ಯ ಕೊನೆಗೆ ದುರ್ಗದಲ್ಲೇ ಬಾಳಿ, 2000ದಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಬಯಲುಸೀಮೆಯ ಊರಿನಿಂದ ಹೋದವರು ದೆಹಲಿಯ ದೊಡ್ಡ ಆಟದಲ್ಲಿ ನಿಂತಿದ್ದು ಹೊಸದಲ್ಲ ಅಂತ ಅಲ್ಲಿ ನಿಂತಾಗ ಧೈರ್ಯ ಬಂತು. ಜಗಳೂರಿನ ಮೇಷ್ಟ್ರು ರಾಷ್ಟ್ರಪತಿ ಭವನದಲ್ಲಿ ಇರಬಾರದು ಅಂತ ಏನಿದೆ?

ಇನ್ನು ಬಿಕ್ಕಟ್ಟು. ಯುದ್ಧ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕರೆಂಟ್ ಆರಿಸಿಕೊಂಡೆ, ಯಾಕೆಂದರೆ 2012ರಲ್ಲಿ ಅದು ನಡೆದಿದೆ. ಜುಲೈ 30ರ ನಸುಕಿನಲ್ಲಿ ಉತ್ತರದ ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ಲೈನುಗಳ ಜಾಲ, ಬಿತ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಜಾಸ್ತಿ ಜನರ ಊರುಗಳಲ್ಲಿ ಕರೆಂಟ್ ಇಲ್ಲ. ರೈಲುಗಳು ಹಳಿ ಮೇಲೆ ನಿಂತವು. ನಮಗೆ ಏನೂ ಆಗಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನಿನಿಂದ ಅದೂ ಸೇರಿತು. ಈಗ ಇಡೀ ದೇಶ ಒಂದೇ ಗ್ರಿಡ್, ಒಂದೇ 50 ಹರ್ಟ್ಜ್ ಫ್ರೀಕ್ವೆನ್ಸಿ. ಅಂದರೆ ಈಗ ದೊಡ್ಡದಾಗಿ ಬಿದ್ದರೆ ದಾವಣಗೆರೆಯೂ ಬೀಳಬಹುದು. ಕಾದಂಬರಿಗೆ ಇದಕ್ಕಿಂತ ಗಟ್ಟಿ ನೆಲ ಬೇಕಾ?

ವಿದ್ಯಾನಗರದಲ್ಲಿರುವ ನಿವೃತ್ತ ಕೆಇಬಿ ಎಂಜಿನಿಯರ್ ಒಬ್ಬರು ನನಗೆ ಸಂಜೆಗಟ್ಟಲೆ ಪಾಠ ಮಾಡಿದರು. ಬೆಸ್ಕಾಂ ಬಂದು ಇಷ್ಟು ವರ್ಷ ಆದರೂ ಅವರೂ ಕೆಇಬಿ ಅಂತಲೇ ಹೇಳುತ್ತಾರೆ, ನಾವೂ ಹಾಗೇ. 'ಪೂರ್ತಿ ಗ್ರಿಡ್ ಬಿದ್ರೆ ಸ್ವಿಚ್ ಹಾಕ್ದಂಗೆ ವಾಪಸ್ ಬರಲ್ಲಮ್ಮಾ' ಅಂದರು. ರಾಯಚೂರಿನಂಥ ಕಲ್ಲಿದ್ದಲ ಸ್ಥಾವರ ಶುರುವಾಗಲು ಅದಕ್ಕೇ ಕರೆಂಟ್ ಬೇಕು. ಕಲ್ಲಿದ್ದಲು ಪುಡಿ ಮಾಡುವ ಮಿಲ್ಲು, ದೊಡ್ಡ ದೊಡ್ಡ ಫ್ಯಾನು, ಪಂಪು ಎಲ್ಲ ಓಡಬೇಕಲ್ವಾ. ನೀರಿನ ಸ್ಥಾವರಕ್ಕೆ ಅಷ್ಟು ಬೇಡ, ಡೀಸೆಲ್ ಜನರೇಟರಿನ ಮೇಲೆ ಎಬ್ಬಿಸಬಹುದು. ಅದಕ್ಕೇ ಬ್ಲ್ಯಾಕ್ ಸ್ಟಾರ್ಟ್ ಅಂತಾರೆ. ಆಮೇಲೆ ಲೈನಿಗೆ ಸ್ವಲ್ಪ ಸ್ವಲ್ಪವೇ ಜೀವ ತುಂಬುತ್ತಾ, ಸ್ವಲ್ಪ ಸ್ವಲ್ಪವೇ ಲೋಡ್ ಕೊಡುತ್ತಾ ಬರಬೇಕು. ಅವಸರ ಮಾಡಿ ಒಮ್ಮೆಗೇ ಲೋಡ್ ಹಾಕಿದರೆ ಫ್ರೀಕ್ವೆನ್ಸಿ ಕುಸಿದು ಎಲ್ಲ ಮತ್ತೆ ಬೀಳುತ್ತದೆ. ನಾನು ಶರಾವತಿಯನ್ನು ಹಿಡಿದೆ. 1035 ಮೆಗಾವ್ಯಾಟಿನ ನಮ್ಮ ಹಳೇ ಸ್ಥಾವರ. ದೆಹಲಿಯಲ್ಲಿ ಮೇಷ್ಟ್ರು ಸಹಿ ಹಾಕದೆ ಹೊತ್ತು ತಳ್ಳುತ್ತಾ ಕೂತಿದ್ದರೆ, ಈ ಕಡೆ ಶರಾವತಿಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ನಮ್ಮ ಕಡೆಗೆ ಲೈನ್ ಒಂದೊಂದೇ ಎಚ್ಚರವಾಗುತ್ತದೆ. ಎರಡೂ ಅಧ್ಯಾಯ ಒಂದಾದ ಮೇಲೆ ಒಂದು.

ಈಗ ಮುಖ್ಯವಾದ ಅಧ್ಯಾಯ. ಗ್ರಿಡ್ಡನ್ನು ಯಾರೋ ಬೇಕಂತಲೇ ಬೀಳಿಸಿದ್ದಾರೆ, ಇದು ಸಶಸ್ತ್ರ ದಂಗೆ, 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಿಸಬೇಕು ಅಂತ ಗೃಹಮಂತ್ರಿ ಪಟ್ಟು ಹಿಡಿದಿದ್ದಾರೆ. ರಾತ್ರಿ ಎರಡು ಗಂಟೆಗೆ ಕಾಗದ ಬರುತ್ತದೆ. ಮೇಷ್ಟ್ರು ಅದನ್ನು ಕೆಳಗಿನಿಂದ ಓದುತ್ತಾರೆ.

ಇದು ನನ್ನ ಕಸುಬಿನಿಂದ ಬಂದದ್ದು. ಇಷ್ಟು ವರ್ಷ ಕಾಗದ ಟೈಪ್ ಮಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ. ಮೇಲಿನ ಒಕ್ಕಣೆ ಆಮೇಲೆ, ಮೊದಲು ಸಹಿ ಯಾರದು, ತಾರೀಖು ಏನು, ಸ್ಥಳ ಯಾವುದು ನೋಡುತ್ತೇವೆ. ಸುಳ್ಳು ಇದ್ದರೆ ಅದು ಹೆಚ್ಚಾಗಿ ಅಲ್ಲಿರುತ್ತದೆ. ಮೇಷ್ಟ್ರಿಗೆ ಸಿಕ್ಕ ಕಾಗದದಲ್ಲಿ ರಾತ್ರಿ ಹನ್ನೊಂದಕ್ಕೆ ಸಂಪುಟ ಸಭೆ ಸೇರಿ ತೀರ್ಮಾನಿಸಿತು ಅಂತ ಇದೆ. ಹನ್ನೊಂದಕ್ಕೆ ದೆಹಲಿಯಲ್ಲಿ ಎಷ್ಟು ಮಂತ್ರಿಗಳಿದ್ದರು? ಅದೇ ಸಂಜೆ ಊರಿಗೆ ಹೋದ ಇಬ್ಬರು ಮಂತ್ರಿಗಳು ರಾಷ್ಟ್ರಪತಿಯ ಯೋಗಕ್ಷೇಮ ಕೇಳಲು ಫೋನ್ ಮಾಡಿದ್ದು ಅವರಿಗೆ ನೆನಪಿದೆ.

1975ರ ಜೂನ್ 25ರ ರಾತ್ರಿ ನಡೆದದ್ದು ಇದೇ ಅಲ್ವಾ. ರಾಷ್ಟ್ರಪತಿ ಸಹಿ ರಾತ್ರಿಯೇ ಆಯಿತು, ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ ಆರಕ್ಕೆ. ಸರ್ಕಾರದ ಕೆಲಸಕಾರ್ಯದ ನಿಯಮಗಳಲ್ಲಿ 12ನೇ ನಿಯಮ ಅಂತ ಒಂದಿದೆ. ತುರ್ತಿದ್ದರೆ ಪ್ರಧಾನಿ ಸಂಪುಟಕ್ಕೆ ಹೋಗದೆ ತೀರ್ಮಾನ ಮಾಡಿ, ಆಮೇಲೆ ಒಪ್ಪಿಗೆ ಪಡೆಯಬಹುದು. 1975ರಲ್ಲಿ ಅದನ್ನೇ ಬಳಸಿದ್ದು. ಮತ್ತೆ ಹಾಗಾಗಬಾರದು ಅಂತ 44ನೇ ತಿದ್ದುಪಡಿ 352ನೇ ವಿಧಿಯೊಳಗೇ ಬರೆದುಬಿಟ್ಟಿತು: ಕೇಂದ್ರ ಸಂಪುಟದ ತೀರ್ಮಾನ ಲಿಖಿತವಾಗಿ ಬಂದ ಹೊರತು ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. ಕಾದಂಬರಿಯಲ್ಲಿ ಗೃಹ ಕಾರ್ಯದರ್ಶಿ 12ನೇ ನಿಯಮ ಎತ್ತುತ್ತಾರೆ. ಮೇಷ್ಟ್ರು ಕೂಗಾಡುವುದಿಲ್ಲ. 'ನಿಯಮ ದೊಡ್ಡದೋ ಸಂವಿಧಾನ ದೊಡ್ಡದೋ ಸಾರ್, ಎಂಟನೇ ಕ್ಲಾಸಿನ ಹುಡುಗನ್ನ ಕೇಳಿದ್ರೂ ಹೇಳ್ತಾನೆ' ಅಂತಾರೆ. 78ನೇ ವಿಧಿಯಡಿ ಸಭೆಯ ನಡಾವಳಿ ಕೇಳುತ್ತಾರೆ. ಮಾಹಿತಿ ಕೊಡುವುದು ಪ್ರಧಾನಿಯ ಕರ್ತವ್ಯ. ಇನ್ನೂ 74ನೇ ವಿಧಿಯ ಆ ಒಂದು ಸಲವನ್ನು ಅವರು ಬಳಸಿಲ್ಲ. ಅದು ಕೈಯಲ್ಲೇ ಇದೆ. ಈ ಅಧ್ಯಾಯವನ್ನು ನಾನು ಎಷ್ಟು ಸಲ ತಿದ್ದಿದೆನೋ, ವಕೀಲರು ಎಷ್ಟು ಸಲ ಓದಿದರೋ. ಅವರು ಫೀಸ್ ಕೇಳಲಿಲ್ಲ, ಟೀ ಮಾತ್ರ ಕುಡಿದರು.

ಓದಿಸಿದವರಲ್ಲಿ ಒಬ್ಬರ ಮಾತು ಕಾದಂಬರಿಯ ಆಕಾರವನ್ನೇ ಬದಲಿಸಿತು. 1975ರಲ್ಲಿ ಕಾಲೇಜಿನಲ್ಲಿದ್ದು, ಕರಪತ್ರ ಹಂಚಿದ್ದಕ್ಕೆ ಜೈಲಿಗೆ ಹೋಗಿ ಬಂದವರು. ಪ್ರಿಂಟ್ ತೆಗೆದು ಕೊಟ್ಟಿದ್ದೆ. ಓದಿ ಮುಗಿಸಿ ಅಂಗಡಿಗೇ ಬಂದರು. 'ದೆಹಲಿ ಎಲ್ಲಾ ಚೆನ್ನಾಗಿ ಬರ್ದಿಯಮ್ಮಾ. ನಮ್ಮೂರಲ್ಲಿ ಆ ರಾತ್ರಿ ಏನಾತು ಅಂತ ಎಲ್ಲಿ ಬರ್ದಿ? ನಮ್ಮ ಮನಿ ಬಾಗ್ಲು ಬಡ್ದೋರು ಇಂದಿರಾ ಗಾಂಧಿ ಅಲ್ಲ, ನಮ್ಮ ಓಣಿ ಪೊಲೀಸ್ನೋರು' ಅಂದರು. ಅವರ ತಾಯಿಗೆ ಮಗ ಎಲ್ಲಿದ್ದಾನೆ ಅಂತ ತಿಳಿಯಲು ಬಹಳ ದಿನ ಹಿಡಿಯಿತಂತೆ. ಅದನ್ನು ಹೇಳುವಾಗ ಅವರ ದನಿ ನಡುಗಿತು. ನನಗೂ ಮಾತು ಹೊರಡಲಿಲ್ಲ.

ಆಮೇಲೆ ದಾವಣಗೆರೆಯ ಅಧ್ಯಾಯಗಳು ಹುಟ್ಟಿದವು. ಊರೆಲ್ಲ ಕತ್ತಲು. ಮೊಬೈಲ್ ಟವರಿನ ಬ್ಯಾಟರಿ ಮುಗಿದು ಫೋನ್ ಸತ್ತಿದೆ. ಆಸ್ಪತ್ರೆಗಳ ಮುಂದೆ ಡೀಸೆಲ್‌ಗೆ ಸಾಲು. ಮಂಡಕ್ಕಿ ಭಟ್ಟಿಗಳಲ್ಲಿ ಮಾತ್ರ ಬೆಂಕಿ ಕಾಣುತ್ತದೆ, ಅವರ ಕೆಲಸ ಕರೆಂಟಿಗಿಂತ ಹಳೆಯದು. ಆ ಭಟ್ಟಿಯಲ್ಲಿ ದುಡಿಯುವ ಒಬ್ಬ ಹುಡುಗನನ್ನು, ಘೋಷಣೆ ಆಗುವುದಕ್ಕೂ ಮೊದಲೇ, 'ಮೇಲಿನಿಂದ ಆರ್ಡರ್ ಇದೆ' ಅಂತ ಎತ್ತಿಕೊಂಡು ಹೋಗುತ್ತಾರೆ. ಹುಡುಗನ ಅಕ್ಕ ಕೋರ್ಟ್ ಹತ್ತಿರ ಬಂದು ಕೇಳುವುದು ಒಂದೇ: ಆರ್ಡರ್ ಕಾಗದ ಎಲ್ಲಿದೆ? ಅದೇ ಹೊತ್ತಿಗೆ ದೆಹಲಿಯಲ್ಲಿ ಮೇಷ್ಟ್ರೂ ಅದನ್ನೇ ಕೇಳುತ್ತಿದ್ದಾರೆ. 44ನೇ ತಿದ್ದುಪಡಿ ಆದ ಮೇಲೆ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಯ ಹಕ್ಕನ್ನು ಅಮಾನತು ಮಾಡುವಂತಿಲ್ಲ, ಅಂದರೆ ಜೀವದ, ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಉಳಿಯುತ್ತದೆ. ಅಕ್ಕನ ಕಡೆ ವಾದಿಸುವ ವಕೀಲರ ಬಾಯಲ್ಲಿ ಇದನ್ನು ಹೇಳಿಸಿದ್ದೇನೆ. ಜೈಲಿಗೆ ಹೋಗಿ ಬಂದ ಹಿರಿಯರು ಆ ಪುಟವನ್ನು ಎರಡು ಸಲ ಓದಿಸಿಕೊಂಡರು.

ಕೊನೆಯ ಅಧ್ಯಾಯದ ಮೇಲೆ ಈಗಲೂ ಜಗಳ ನಡೆದಿದೆ. ಮೇಷ್ಟ್ರು ಕಾಗದ ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ಶರಾವತಿಯ ಕರೆಂಟ್ ಶಿವಮೊಗ್ಗ ದಾಟಿರುತ್ತದೆ. ಆದರೂ ಸಂಪುಟ ಈ ಸಲ ನಿಜವಾಗಿ ಸೇರಿ, ಲಿಖಿತವಾಗಿ, ಅದೇ ಸಲಹೆಯನ್ನು ಮತ್ತೆ ಕಳಿಸುತ್ತದೆ. ಮೇಷ್ಟ್ರು ಸಹಿ ಹಾಕುತ್ತಾರೆ.

ಹಸ್ತಪ್ರತಿ ನೋಡಿದ ಪ್ರಕಾಶಕರೊಬ್ಬರು ಇದನ್ನು ಒಪ್ಪಲಿಲ್ಲ. ಹೀರೋ ಪೆನ್ ಬಿಸಾಕಿ ಎದ್ದು ಹೋಗಬೇಕು, ಓದುಗರು ಚಪ್ಪಾಳೆ ಹೊಡೆಯಬೇಕು ಅಂದರು. ರಾಜೀನಾಮೆ ಕೊಡಿಸಬಹುದಿತ್ತು, 1969ರ ಕಾಯ್ದೆಯಂತೆ ಮುಖ್ಯ ನ್ಯಾಯಮೂರ್ತಿ ಬಂದು ಕೂರುತ್ತಿದ್ದರು, ಅವರ ಮುಂದೆಯೂ ಅದೇ ಕಾಗದ ಬರುತ್ತಿತ್ತು. ಸಹಿ ಹಾಕದೆ ಸುಮ್ನೆ ಕೂರಿಸಲೂಬಹುದಿತ್ತು. ಆದರೆ ಬೇರೆಯವರಿಗೆ ಸಂವಿಧಾನ ತೋರಿಸಿದ ಮನುಷ್ಯ ತನಗೆ ಕಷ್ಟವಾದಾಗ ಅದನ್ನು ಮೀರಿದರೆ ನನ್ನ ಮೇಷ್ಟ್ರು ಮೇಷ್ಟ್ರಾಗಿ ಉಳಿಯುವುದಿಲ್ಲ. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಸಹಿ ಆದ ಮೇಲೂ ದಾರಿ ಇದೆ, ಅದನ್ನೇ ಬರೆದಿದ್ದೇನೆ. ಎರಡೂ ಸದನ ಒಂದು ತಿಂಗಳೊಳಗೆ ವಿಶೇಷ ಬಹುಮತದಿಂದ ಒಪ್ಪದಿದ್ದರೆ ಘೋಷಣೆ ಬಿದ್ದುಹೋಗುತ್ತದೆ. ಅದಕ್ಕೂ ಮೊದಲು, ಲೋಕಸಭೆಯ ಹತ್ತರಲ್ಲಿ ಒಂದು ಪಾಲು ಸದಸ್ಯರು ಇದು ಬೇಡ ಅಂತ ಬರೆದುಕೊಟ್ಟರೆ ಹದಿನಾಲ್ಕು ದಿನದೊಳಗೆ ವಿಶೇಷ ಅಧಿವೇಶನ ಕರೆಯಲೇಬೇಕು. 543ರಲ್ಲಿ 55 ಸಹಿ. ಸದನ ನಡೆಯುತ್ತಿದ್ದರೆ ಆ ಪತ್ರ ಸ್ಪೀಕರಿಗೆ. ನಡೆಯದಿದ್ದರೆ ರಾಷ್ಟ್ರಪತಿಗೆ! ಅಂದರೆ ಸಹಿ ಹಾಕಿದ ಮೇಷ್ಟ್ರ ಮೇಜಿಗೇ ಆ ಪತ್ರ ಬರಬೇಕು. ವಕೀಲರು ಈ ಸಾಲು ಓದಿ ತೋರಿಸಿದ ದಿನ ನಾನು ಅಂಗಡಿ ಬೇಗ ಮುಚ್ಚಿ ಬರೆಯಲು ಕೂತೆ. ಅರ್ಧ ನಿಂತ ರೈಲುಗಳಲ್ಲಿ, ಲಾರಿಗಳಲ್ಲಿ, ಸಿಕ್ಕ ಗಾಡಿಯಲ್ಲಿ ಸಂಸದರು ದೆಹಲಿಗೆ ಬರುವುದೇ ಕೊನೆಯ ಭಾಗ. ಅದರಲ್ಲಿ ಕೆಲವರು ಆಡಳಿತ ಪಕ್ಷದವರು.

ಹಸ್ತಪ್ರತಿ ಈಗ ಶಿವಮೊಗ್ಗದ ಇನ್ನೊಬ್ಬ ಪ್ರಕಾಶಕರ ಹತ್ತಿರ ಇದೆ. ಕೊನೆ ಬದಲಿಸುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ. ಅವರು ಕೇಳಿದ್ದು ಬೇರೆ: ಭಟ್ಟಿಯ ಹುಡುಗ ಮನೆಗೆ ಬಂದದ್ದನ್ನು ಇನ್ನೂ ಸ್ವಲ್ಪ ಬರೆಯಿರಿ ಅಂತ. ಅದನ್ನು ಈ ವಾರ ಬರೆಯುತ್ತಿದ್ದೇನೆ.